ಲಂಡನ್–ಪ್ಯಾರಿಸ್: ದೂರ ಅಷ್ಟೇ, ಕಾಲ ಎಷ್ಟು?

ಭೂಪಟದಲ್ಲಿ ಲಂಡನ್ನಿನಿಂದ ಪ್ಯಾರಿಸ್ಸಿಗೆ ಒಂದು ನೇರ ಗೆರೆ ಎಳೆಯಿರಿ. ಆ ದೂರ ಸುಮಾರು 344 ಕಿಲೋಮೀಟರ್. ಗಂಟೆಗೆ 800 ಕಿಲೋಮೀಟರ್ ವೇಗದ ಜೆಟ್ ವಿಮಾನಕ್ಕೆ ಇಷ್ಟು ದೂರ ಸಾಗಲು ಅರ್ಧ ಗಂಟೆಯೂ ಬೇಡ. ಆದರೆ ವೇಳಾಪಟ್ಟಿಯಲ್ಲಿ ಕಾಣುವುದು ಸುಮಾರು ಒಂದೂಕಾಲು ಗಂಟೆ. ಉಳಿದ ಸಮಯ ಎಲ್ಲಿ ಹೋಯಿತು? ಉತ್ತರಕ್ಕಾಗಿ ಈ ಮಾರ್ಗದ ಇತಿಹಾಸವನ್ನು ನೋಡಬೇಕು.

ಎರಡು ನಗರಗಳ ನಡುವೆ ಇಂಗ್ಲಿಷ್ ಕಡಲ್ಗಾಲುವೆ ಇದೆ. ಅದನ್ನು ವಿಮಾನದಲ್ಲಿ ಮೊದಲು ದಾಟಿದವರು ಫ್ರಾನ್ಸಿನ ಲೂಯಿ ಬ್ಲೇರಿಯೊ. 1909ರ ಜುಲೈ 25ರಂದು ಕ್ಯಾಲೆಯ ಸಮೀಪದಿಂದ ಹೊರಟು ಸುಮಾರು 37 ನಿಮಿಷಗಳಲ್ಲಿ ಅವರು ಡೋವರ್ ತಲುಪಿದರು.

ಹತ್ತು ವರ್ಷಗಳು ಕಳೆದವು. ಮೊದಲನೆಯ ಮಹಾಯುದ್ಧ ಮುಗಿದಿತ್ತು. ಬಾಂಬು ಹಾಕಲು ಕಟ್ಟಿದ್ದ ವಿಮಾನಗಳನ್ನು ಪ್ರಯಾಣಕ್ಕೆ ಹೊಂದಿಸಿ, 1919ರ ಆಗಸ್ಟ್ 25ರಂದು ಈ ನಗರಗಳ ನಡುವೆ ದಿನವಹಿ ಸೇವೆ ಆರಂಭಿಸಲಾಯಿತು. ಅಂದಿನ ಮೊದಲ ವಿಮಾನದಲ್ಲಿದ್ದ ಪ್ರಯಾಣಿಕರು ಒಬ್ಬರೇ, ಒಬ್ಬ ಪತ್ರಕರ್ತರು. ಜೊತೆಗೆ ವೃತ್ತಪತ್ರಿಕೆಗಳು, ಚರ್ಮ, ಕೆನೆಯಂಥ ಸರಕು. ಒಂದು ಕಡೆಯ ಪ್ರಯಾಣದರ 21 ಪೌಂಡ್; ಪ್ರಯಾಣದ ಕಾಲ ಸುಮಾರು ಎರಡೂವರೆ ಗಂಟೆ.

ಆ ಕಾಲದ ಚಾಲಕರಿಗೆ ದಾರಿ ತೋರಿಸುತ್ತಿದ್ದುದು ನೆಲದ ಮೇಲಿನ ರಸ್ತೆ ಮತ್ತು ರೈಲುಹಳಿ. ಮಂಜು ಕವಿದರೆ ಹಳಿ ಕಾಣುವಷ್ಟು ತಗ್ಗಿನಲ್ಲಿ ಹಾರಬೇಕಾಗಿತ್ತು. 1922ರ ಏಪ್ರಿಲ್ 7ರಂದು ಉತ್ತರ ಫ್ರಾನ್ಸಿನ ಮಂಜಿನಲ್ಲಿ, ಲಂಡನ್ನಿನಿಂದ ಬರುತ್ತಿದ್ದ ವಿಮಾನವೂ ಪ್ಯಾರಿಸ್ಸಿನಿಂದ ಹೊರಟಿದ್ದ ವಿಮಾನವೂ ಎದುರುಬದುರಾಗಿ ಡಿಕ್ಕಿ ಹೊಡೆದವು. ಏಳು ಮಂದಿ ಮಡಿದರು. ಎರಡು ಪ್ರಯಾಣಿಕ ವಿಮಾನಗಳು ಆಕಾಶದಲ್ಲಿ ಡಿಕ್ಕಿಯಾದ ಮೊದಲ ದುರಂತವಿದು. ಇದರ ತರುವಾಯ ಬಲಬದಿಗೆ ಹಾರುವ ನಿಯಮ ಬಂದಿತು. ಕ್ರಮೇಣ ರೇಡಿಯೊ ಸಂಪರ್ಕ, ಗೊತ್ತುಪಡಿಸಿದ ಮಾರ್ಗ, ನೆಲದಿಂದ ನಿಯಂತ್ರಣ, ಇವೆಲ್ಲ ಬಲಗೊಂಡವು.

1950ರ ಜುಲೈ 29ರಂದು ವೈಕೌಂಟ್ ಎಂಬ ವಿಮಾನ ಸುಮಾರು ಒಂದು ಗಂಟೆಯಲ್ಲಿ ಪ್ಯಾರಿಸ್ ಸೇರಿತು. ಟರ್ಬೈನ್ ಎಂಜಿನ್ನಿನ ಪ್ರಯಾಣಿಕ ಸೇವೆ ಜಗತ್ತಿನಲ್ಲಿ ಅದೇ ಮೊದಲು. ಆಮೇಲೆ ವಿಮಾನಗಳ ವೇಗ ಇನ್ನೂ ಹೆಚ್ಚಿದರೂ ಈ ಮಾರ್ಗದ ಕಾಲ ಕಡಿಮೆಯಾಗಲಿಲ್ಲ. ಓಡುದಾರಿಯ ತನಕ ಸಾಗಬೇಕು, ಸರದಿಗೆ ಕಾಯಬೇಕು. ಮೇಲೇರುವುದರಲ್ಲಿ, ಕೆಳಗಿಳಿಯುವುದರಲ್ಲಿ ದಾರಿಯ ಬಹುಭಾಗ ಮುಗಿಯುತ್ತದೆ. ದಟ್ಟಣೆಯ ಆಕಾಶದಲ್ಲಿ ಒಂದು ವಿಮಾನಕ್ಕೂ ಇನ್ನೊಂದಕ್ಕೂ ಅಂತರವಿರಬೇಕು. ಈ ಕಾಯುವಿಕೆ ವ್ಯರ್ಥವಲ್ಲ; 1922ರ ಆ ಏಳು ಸಾವುಗಳು ಕಲಿಸಿದ ಪಾಠವೂ ಅದರಲ್ಲಿದೆ.

ಇತ್ತ 1994ರಲ್ಲಿ ಕಡಲಡಿಯ ಸುರಂಗ ತೆರೆಯಿತು. ರೈಲುಮಾರ್ಗ ಸುಮಾರು 490 ಕಿಲೋಮೀಟರ್, ಅಂದರೆ ಆಕಾಶದ ದಾರಿಗಿಂತ ಉದ್ದ. ಮೊದಲು ಮೂರು ಗಂಟೆ ಹಿಡಿಯುತ್ತಿದ್ದ ಈ ಪ್ರಯಾಣ 2007ರಲ್ಲಿ ಎರಡೂಕಾಲು ಗಂಟೆಗೆ ಇಳಿಯಿತು. ರೈಲು ಇಳಿಸುವುದು ಊರ ನಡುವೆ; ವಿಮಾನ ನಿಲ್ದಾಣಗಳಾದರೋ ಊರಾಚೆ. ಆದ್ದರಿಂದ ಮನೆಯಿಂದ ಮನೆಗೆ ಲೆಕ್ಕ ಹಾಕಿದರೆ ಎಷ್ಟೋ ಜನರಿಗೆ ರೈಲೇ ಬೇಗ.

ಕೊನೆಗೊಂದು ಲೆಕ್ಕ: ಪ್ಯಾರಿಸ್ಸಿನ ಗಡಿಯಾರ ಲಂಡನ್ನಿಗಿಂತ ಒಂದು ಗಂಟೆ ಮುಂದೆ. ಬೆಳಿಗ್ಗೆ ಹತ್ತಕ್ಕೆ ಲಂಡನ್ ಬಿಟ್ಟು ಒಂದೂಕಾಲು ಗಂಟೆ ಹಾರಿದರೆ ಪ್ಯಾರಿಸ್ಸಿನಲ್ಲಿ ಗಂಟೆ ಎಷ್ಟು? ಅಷ್ಟೇ ಕಾಲ ಹಿಡಿಯುವ ಮರುಪ್ರಯಾಣ ಗಡಿಯಾರದಲ್ಲಿ ಕಾಲು ಗಂಟೆಯಂತೆ ಕಾಣುವುದೇಕೆ? ಯೋಚಿಸಿ.