ಅಶ್ವತ್ಥಕಟ್ಟೆಯಿಂದ ಲೆಟ್ರೊಜೋಲ್‌ವರೆಗೆ..

ಮೆಜೆಸ್ಟಿಕ್ಕಿನ ಅಣ್ಣಮ್ಮನಿಗೆ ಹರಕೆ, ಅಶ್ವತ್ಥಕಟ್ಟೆಗೆ ಪ್ರದಕ್ಷಿಣೆ, ನಾಗರಕಲ್ಲಿಗೆ ಹಾಲು.. ಮಕ್ಕಳಾಗದಿದ್ದರೆ ನಮ್ಮೂರ ಹೆಂಗಸರು ಸುತ್ತುತ್ತಿದ್ದ ದಾರಿ ಇದು. (ಗಂಡ ಸುತ್ತಿದ್ದನ್ನು ಯಾರಾದ್ರೂ ನೋಡಿದ್ದೀರಾ?) 1935ರಲ್ಲಿ ವಾಣಿವಿಲಾಸ ಆಸ್ಪತ್ರೆ ಶುರುವಾದಾಗಲೂ, ಅಂಡ ಬಿಡುಗಡೆಯಾಗದವರಿಗೆ ಕೊಡಲು ನೆಚ್ಚಬಹುದಾದ ಮಾತ್ರೆ ಜಗತ್ತಿನಲ್ಲೇ ಇರಲಿಲ್ಲ. 1960ರ ದಶಕದಲ್ಲಿ ಕ್ಲೋಮಿಫೀನ್ ಬಂತು. ಈಸ್ಟ್ರೊಜೆನ್ ಕಡಿಮೆಯಾಗಿದೆ ಅಂತ ಮೆದುಳನ್ನು ನಂಬಿಸೋದು ಅದರ ಉಪಾಯ. ಮೆದುಳು ಗಾಬರಿಬಿದ್ದು ಅಂಡ ಬೆಳೆಸುವ ಹಾರ್ಮೋನು ಜಾಸ್ತಿ ಮಾಡಿಸುತ್ತೆ.

ಆಮೇಲೆ ಬಂದದ್ದು ಲೆಟ್ರೊಜೋಲ್, ಮೂಲತಃ ಸ್ತನ ಕ್ಯಾನ್ಸರಿನ ಮಾತ್ರೆ. ಇದು ಈಸ್ಟ್ರೊಜೆನ್ ತಯಾರಿಯನ್ನೇ ತಗ್ಗಿಸುತ್ತೆ. 2005ರಲ್ಲಿ ಕೆನಡಾದ ಒಂದು ಸಣ್ಣ ವರದಿ, ಹುಟ್ಟುವ ಮಗುವಿಗೆ ಅಂಗದೋಷ ಬರಬಹುದು ಅಂತ ಹೆದರಿಸಿತು. ಮರುವರ್ಷ 911 ಶಿಶುಗಳನ್ನು ಗಮನಿಸಿದ ಅಧ್ಯಯನದಲ್ಲಿ ಆ ಭಯಕ್ಕೆ ಆಧಾರ ಸಿಗಲಿಲ್ಲ. ಆದರೂ 2011ರಲ್ಲಿ ಕೇಂದ್ರ ಸರ್ಕಾರ ಬಂಜೆತನಕ್ಕೆ ಇದನ್ನು ಕೊಡೋದನ್ನು ನಿಷೇಧಿಸಿತು. ಸರಿಯಾದ ಪರೀಕ್ಷೆ ಇಲ್ಲದೆ ಮೊದಲು ಅನುಮತಿ ಕೊಟ್ಟಿದ್ದರು ಅನ್ನೋ ಆಕ್ಷೇಪವೂ ಇತ್ತು, ನಿಜ. ಆದರೆ 2014ರಲ್ಲಿ ಅಮೆರಿಕದಲ್ಲಿ ಪಿಸಿಒಎಸ್ ಇದ್ದ 750 ಹೆಂಗಸರಲ್ಲಿ ಎರಡನ್ನೂ ಹೋಲಿಸಿ ನೋಡಿದಾಗ, ಮಗು ಹುಟ್ಟಿದ್ದು ಕ್ಲೋಮಿಫೀನ್ ತಗೊಂಡ ಶೇಕಡಾ 19.1 ಮಂದಿಗೆ, ಲೆಟ್ರೊಜೋಲ್ ತಗೊಂಡ ಶೇಕಡಾ 27.5 ಮಂದಿಗೆ. ಇಲ್ಲಿ ನಿಷೇಧ ತೆಗೆದದ್ದು 2017ರಲ್ಲಿ! ಮೂವತ್ತೈದು ದಾಟಿದವಳಿಗೆ ಆರು ವರ್ಷ ಅಂದ್ರೆ ಏನು ಅಂತ ಯೋಚಿಸಿ.

ಈಗ ಪಿಸಿಒಎಸ್ ಇದ್ದು ಅಂಡ ಬಿಡುಗಡೆಯಾಗದವರಿಗೆ ವೈದ್ಯರು ಮೊದಲು ಬರೆಯೋದು ಸಾಮಾನ್ಯವಾಗಿ ಇದನ್ನೇ. ಜೊತೆಗಿನ ಚೀಟಿಯಲ್ಲಿ ಕ್ಯಾನ್ಸರ್ ಅಂತ ಕಂಡರೆ ಗಾಬರಿಯಾಗಬೇಡಿ, ಡಾಕ್ಟರನ್ನು ಕೇಳಿ.