ಕ್ಯಾಶ್ ಸ್ಮೃತಿಯಲ್ಲಿ ಬರಹದ ನಿರ್ವಹಣೆ: ಒಂದು ಚಾರಿತ್ರಿಕ ಅವಲೋಕನ

ಗಣಕಯಂತ್ರದ ಚರಿತ್ರೆಯಲ್ಲಿ ಸಂಸ್ಕಾರಕದ ವೇಗಕ್ಕೆ ದೊರೆತ ಮಹತ್ವ ದತ್ತಾಂಶ ಸಾಗುವ ದಾರಿಗೆ ದೊರೆತಿಲ್ಲ. ಸಂಸ್ಕಾರಕಕ್ಕೂ ಮುಖ್ಯ ಸ್ಮೃತಿಗೂ ನಡುವಿನ ದಾರಿಯಾದ ಬಸ್ ನಿಗದಿತ ಕಾಲದಲ್ಲಿ ಇಂತಿಷ್ಟೇ ದತ್ತಾಂಶವನ್ನು ಒಯ್ಯಬಲ್ಲದು. ಈ ಮಿತಿಯೇ ಬ್ಯಾಂಡ್‌ವಿಡ್ತ್. ಓದುವ ಹಾಗೂ ಬರೆಯುವ ಕೋರಿಕೆಗಳೆರಡೂ ಇದೇ ದಾರಿಗಾಗಿ ಪೈಪೋಟಿ ನಡೆಸುತ್ತವೆ. ಓದು ತಡವಾದರೆ ಸಂಸ್ಕಾರಕ ಕಾಯಬೇಕಾಗುತ್ತದೆ. ಬರಹವನ್ನಾದರೋ ಕೆಲಕಾಲ ಮುಂದೂಡಬಹುದು. ಈ ವ್ಯತ್ಯಾಸವನ್ನು ಸಂಶೋಧಕರು ಹಂತಹಂತವಾಗಿ ಬಳಸಿಕೊಂಡ ಬಗೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಮಾರಿಸ್ ವಿಲ್ಕ್ಸ್ 1965ರಲ್ಲಿ ಪ್ರಕಟಿಸಿದ ಕಿರುಲೇಖನದಲ್ಲಿ, ದೊಡ್ಡದಾದರೂ ನಿಧಾನವಾದ ಸ್ಮೃತಿಯ ಜೊತೆಗೆ ಚಿಕ್ಕದಾದರೂ ವೇಗವುಳ್ಳ 'ಅಡಿಯಾಳು ಸ್ಮೃತಿ'ಯನ್ನಿರಿಸುವ ಕಲ್ಪನೆಯನ್ನು ಮಂಡಿಸಿದರು. ಐಬಿಎಂ ಸಂಸ್ಥೆ 1968ರಲ್ಲಿ ಘೋಷಿಸಿದ ಸಿಸ್ಟಂ/360 ಮಾದರಿ 85 ಯಂತ್ರವು ಕ್ಯಾಶ್‌ನೊಂದಿಗೆ ಮಾರುಕಟ್ಟೆಗೆ ಬಂದ ಮೊದಲ ಗಣಕವೆನಿಸಿತು. ಅದರ ಕ್ಯಾಶ್‌ನ ಗಾತ್ರ 16ರಿಂದ 32 ಕಿಲೋಬೈಟ್. ಅಲ್ಲಿ ಪ್ರತಿಯೊಂದು ಬರಹವೂ ಮುಖ್ಯ ಸ್ಮೃತಿಗೆ ನೇರವಾಗಿ ಹೋಗುತ್ತಿತ್ತು. ಇದೇ ರೈಟ್‌ಥ್ರೂ ಪದ್ಧತಿ. ಮುಖ್ಯ ಸ್ಮೃತಿ ಸದಾ ನಿಖರವಾಗಿರುವುದು ಇದರ ಗುಣ. ಒಂದೇ ಸ್ಥಾನಕ್ಕೆ ನೂರು ಸಲ ಬರೆದರೆ ನೂರು ಸಲವೂ ಬಸ್ಸನ್ನು ಬಳಸಬೇಕಾಗುವುದು ದೋಷ. ಇದಕ್ಕೆ ಪರ್ಯಾಯವಾದ ರೈಟ್‌ಬ್ಯಾಕ್ ಪದ್ಧತಿಯಲ್ಲಿ ಬದಲಾದ ಖಂಡವನ್ನು ಗುರುತು ಮಾಡಿ ಕ್ಯಾಶ್‌ನಲ್ಲೇ ಉಳಿಸಿಕೊಳ್ಳಲಾಗುತ್ತದೆ. ಹೊಸ ಖಂಡಕ್ಕೆ ಸ್ಥಳ ತೆರವು ಮಾಡುವಾಗ ಮಾತ್ರ ಅದನ್ನು ಮುಖ್ಯ ಸ್ಮೃತಿಗೆ ಬರೆಯಲಾಗುತ್ತದೆ.

ಹಲವು ಸಂಸ್ಕಾರಕಗಳು ಒಂದೇ ಬಸ್ಸನ್ನು ಹಂಚಿಕೊಂಡಾಗ ಸಮಸ್ಯೆ ಜಟಿಲವಾಯಿತು. ಒಂದರ ಕ್ಯಾಶ್‌ನಲ್ಲಿ ಆದ ಬದಲಾವಣೆ ಉಳಿದವುಗಳಿಗೆ ತಿಳಿಯದಿದ್ದರೆ ಲೆಕ್ಕವೇ ತಪ್ಪುತ್ತದೆ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಜೇಮ್ಸ್ ಗುಡ್‌ಮನ್ 1983ರಲ್ಲಿ ಇದಕ್ಕೊಂದು ಮಧ್ಯಮಮಾರ್ಗವನ್ನು ಸೂಚಿಸಿದರು. ಮೊದಲ ಬರಹ ಮಾತ್ರ ಬಸ್ಸಿನ ಮೂಲಕ ಸಾಗುತ್ತದೆ; ಅದನ್ನು ಗಮನಿಸಿದ ಇತರ ಕ್ಯಾಶ್‌ಗಳು ತಮ್ಮ ಪ್ರತಿಯನ್ನು ಅಸಿಂಧುಗೊಳಿಸುತ್ತವೆ; ಮುಂದಿನ ಬರಹಗಳು ಕ್ಯಾಶ್‌ನೊಳಗೇ ನಡೆಯುತ್ತವೆ. ಮರುವರ್ಷ ಇಲಿನಾಯ್ ವಿಶ್ವವಿದ್ಯಾಲಯದ ಮಾರ್ಕ್ ಪಾಪಮಾರ್ಕೋಸ್ ಮತ್ತು ಜನಕ್ ಪಟೇಲ್ ಆ ಮೊದಲ ಬರಹದ ವೆಚ್ಚವನ್ನೂ ತಗ್ಗಿಸಿದರು. ಖಂಡವನ್ನು ಓದಿ ತರುವಾಗಲೇ ಅದು ಬೇರಾವ ಕ್ಯಾಶ್‌ನಲ್ಲಿಯೂ ಇಲ್ಲವೆಂದು ಖಚಿತವಾದರೆ, ಅನಂತರದ ಬರಹಕ್ಕೆ ಬಸ್ಸಿನ ಅಗತ್ಯವೇ ಇಲ್ಲ. ವ್ಯಾಪಕವಾಗಿ ಬಳಕೆಗೆ ಬಂದ ಮೆಸಿ ನಿಯಮಾವಳಿಯ ಮೂಲ ಇದು.

ಈ ಪಲ್ಲಟ ವೈಯಕ್ತಿಕ ಗಣಕಗಳಲ್ಲಿಯೂ ಕಾಣಿಸಿತು. ಇಂಟೆಲ್‌ನ 1989ರ 486 ಸಂಸ್ಕಾರಕದ 8 ಕಿಲೋಬೈಟ್ ಕ್ಯಾಶ್ ರೈಟ್‌ಥ್ರೂ ಪದ್ಧತಿಯದಾಗಿತ್ತು. 1993ರ ಪೆಂಟಿಯಂನ ದತ್ತಾಂಶ ಕ್ಯಾಶ್ ರೈಟ್‌ಬ್ಯಾಕ್ ಪದ್ಧತಿಯನ್ನು ಅಳವಡಿಸಿಕೊಂಡಿತು.

ಆದರೆ ರೈಟ್‌ಬ್ಯಾಕ್ ಬರಹಗಳ ಸಂಖ್ಯೆಯನ್ನು ತಗ್ಗಿಸಿತೇ ಹೊರತು ಅವುಗಳ ವೇಳೆಯನ್ನು ನಿಯಂತ್ರಿಸಲಿಲ್ಲ. ಹೊಸ ಖಂಡ ತುರ್ತಾಗಿ ಬೇಕಾದ ಗಳಿಗೆಯಲ್ಲೇ ಹಳೆಯ ಖಂಡ ಹೊರಹೋಗಬೇಕು. ಹೀಗಾಗಿ ದಾರಿ ದಟ್ಟವಾಗಿರುವಾಗಲೇ ಬರಹಗಳೂ ಗುಂಪುಗೂಡುತ್ತವೆ. 2000ದಲ್ಲಿ ಲೀ, ಟೈಸನ್ ಮತ್ತು ಫ್ಯಾರೆನ್ಸ್ ಇದಕ್ಕೆ 'ಈಗರ್ ರೈಟ್‌ಬ್ಯಾಕ್' ಎಂಬ ಪರಿಹಾರವನ್ನು ಮುಂದಿಟ್ಟರು. ಬಹುಕಾಲ ಬಳಕೆಯಾಗದ, ಬದಲಾದ ಖಂಡಗಳನ್ನು ಬಸ್ ಬಿಡುವಾಗಿರುವಾಗಲೇ ಬರೆದುಬಿಡುವುದು ಇದರ ಸಾರ. ಅದೇ ಖಂಡ ಮತ್ತೆ ಬದಲಾದರೆ ಒಂದು ಬರಹ ವ್ಯರ್ಥವಾಗುತ್ತದೆ. ಆದರೆ ಅದಕ್ಕೆ ವ್ಯಯವಾಗುವುದು ಬಿಡುವಿನ ವೇಳೆ. 2010ರಲ್ಲಿ ಐಬಿಎಂ ಮತ್ತು ಟೆಕ್ಸಸ್ ವಿಶ್ವವಿದ್ಯಾಲಯದ ಸಂಶೋಧಕರು ಕಡೆಯ ಹಂತದ ಕ್ಯಾಶ್‌ನ ಒಂದು ಭಾಗವನ್ನೇ ಬರಹಗಳ ಸರದಿಯಾಗಿ ಬಳಸಿ, ಸ್ಮೃತಿಯ ಒಂದೇ ಸಾಲಿಗೆ ಸೇರಿದ ಬರಹಗಳನ್ನು ಒಟ್ಟಿಗೆ ಕಳುಹಿಸುವ ಕ್ರಮವನ್ನು ನಿರೂಪಿಸಿದರು.

ಹೀಗೆ ಮೊದಲ ಘಟ್ಟದ ಪ್ರಶ್ನೆ ಎಲ್ಲಿ ಬರೆಯಬೇಕೆಂಬುದಾಗಿತ್ತು, ಎರಡನೆಯದರಲ್ಲಿ ಎಷ್ಟು ಸಲವೆಂಬುದಾಗಿತ್ತು, ಮೂರನೆಯದರಲ್ಲಿ ಯಾವಾಗ ಎಂಬುದಾಯಿತು. ದಾರಿಯನ್ನು ಅಗಲಗೊಳಿಸುವುದು ದುಬಾರಿಯಾಗಿದ್ದಾಗಲೆಲ್ಲ ಸಂಚಾರವನ್ನು ಕ್ರಮಗೊಳಿಸುವುದರಿಂದಲೇ ಗಣಕದ ವೇಗ ಉಳಿಯಿತು ಎಂಬುದು ಈ ಚರಿತ್ರೆಯಿಂದ ಸ್ಪಷ್ಟವಾಗುತ್ತದೆ.