ಕಾರವಾರದ ‘ಚಪಲ್’ ನೌಕೆಯೂ ಕರಾಚಿಯ ದಾಳಿಯೂ

ಕಾರವಾರದ ಕಡಲತೀರದಲ್ಲಿ 2006ರಲ್ಲಿ ವಸ್ತುಸಂಗ್ರಹಾಲಯವಾಗಿ ಸ್ಥಾಪಿತವಾದ ‘ಚಪಲ್’ ಎಂಬ ಕ್ಷಿಪಣಿನೌಕೆಯು 1971ರ ಕರಾಚಿಯ ದಾಳಿಯಲ್ಲಿ ಭಾಗವಹಿಸಿತ್ತೆಂಬ ಪ್ರತೀತಿಯುಂಟು. ಕಾಲಗಣನೆಯು ಇದನ್ನು ಸಮರ್ಥಿಸುವುದಿಲ್ಲ. ಈ ನೌಕೆಯು ಭಾರತದ ನೌಕಾಸೇನೆಯನ್ನು ಸೇರಿದುದು 1976ರಲ್ಲಿ. 1971ನೆಯ ಡಿಸೆಂಬರ್ 4ರ ರಾತ್ರಿ ದಾಳಿಗೈದ ಕ್ಷಿಪಣಿನೌಕೆಗಳು ‘ನಿಪಾತ್’, ‘ನಿರ್ಘಾತ್’, ‘ವೀರ್’ ಎಂಬ ಮೂರು.

ಆಯುಧರಚನೆಯೂ ಇದೇ ಭೇದವನ್ನು ತೋರಿಸುತ್ತದೆ. ಇವೆಲ್ಲವೂ ಸೋವಿಯೆಟ್ ದೇಶದಲ್ಲಿ ನಿರ್ಮಿತವಾದ ‘ಓಸಾ’ ಜಾತಿಯವೇ. ಎಲ್ಲಕ್ಕೂ ನಾಲ್ಕು ಕ್ಷಿಪಣಿಗಳೇ. ಆದರೆ ಮೊದಲಿನವುಗಳ ಕ್ಷಿಪಣಿಕೋಶಗಳು ಪೆಟ್ಟಿಗೆಯಾಕಾರದವು; ‘ಚಪಲ್’ ನೌಕೆಯವು ಕೊಳವೆಯಂತೆ ದುಂಡಗಿನವು. ಆದುದರಿಂದ ಕಾರವಾರದ ನೌಕೆಯನ್ನೇ ಮಾದರಿಯಾಗಿರಿಸಿಕೊಂಡು ಕರಾಚಿಯ ದಾಳಿಯ ಪ್ರತಿಕೃತಿಯನ್ನು ರಚಿಸಿದರೆ, ಐದು ವರ್ಷ ತರುವಾಯದ ಆಯುಧವನ್ನು ಹಿಂದಣ ಯುದ್ಧಕ್ಕೆ ಆರೋಪಿಸಿದಂತಾಗುವುದು. ಮೂರು ನೌಕೆಗಳ ಕೀರ್ತಿಯೂ ನಾಲ್ಕನೆಯದರ ಪಾಲಾಗುವುದು. 2005ರವರೆಗೆ ಸಲ್ಲಿಸಿದ ಸೇವೆಯೇ ‘ಚಪಲ್’ ನೌಕೆಯ ಗೌರವಕ್ಕೆ ಸಾಕು.